ಹೊಗೆಮನೆಯಲ್ಲಿ ಅನ್ಯಗ್ರಹದ ತಾಯಿ

ರಾಮಪ್ರಸಾದನಿಗೆ ಇದ್ದದ್ದು ಒಂದೇ ಕೊರಗು. ಅವನ ಸಿನಿಮಾ ನೋಡಿ ಯಾರೂ ಹೆದರಲಿಲ್ಲ.

ಕಾಣಿಯೂರು ಪೇಟೆಯಲ್ಲಿ ಅವನದ್ದು ಪಂಪು ರಿಪೇರಿ ಅಂಗಡಿ. ಸುಟ್ಟುಹೋದ ಮೋಟರಿಗೆ ಹೊಸ ತಂತಿ ಸುತ್ತಿ ಜೀವ ಬರಿಸುವುದರಲ್ಲಿ ಸುಳ್ಯದವರೆಗೂ ಹೆಸರು. ಆದರೆ ಹೊಟ್ಟೆಪಾಡು ಬೇರೆ, ಪ್ರತಿಭೆ ಬೇರೆ (ಇದು ಅವನದ್ದೇ ಮಾತು). ಎರಡು ವರ್ಷದ ಹಿಂದೆ, ಮದುವೆ ವಿಡಿಯೋ ತೆಗೆಯುವ ಜಿಂಟೋನನ್ನು ಜೊತೆಗೆ ಹಾಕಿಕೊಂಡು ‘ಆಕಾಶದಿಂದ ಆಪತ್ತು’ ಎಂಬ ಇಪ್ಪತ್ತೆರಡು ನಿಮಿಷದ ಚಿತ್ರ ಮಾಡಿ ಯೂಟ್ಯೂಬಿಗೆ ಹಾಕಿದ್ದ. ಅನ್ಯಗ್ರಹದ ಜೀವಿಯೊಂದು ಹೊಳೆಬದಿಗೆ ಇಳಿದು, ಬಟ್ಟೆ ಒಗೆಯುವ ಹೆಂಗಸನ್ನು ಕೊಂದು, ಕೊನೆಗೆ ಪಂಪಿನ ಕರೆಂಟು ತಗಲಿ ತಾನೂ ಸಾಯುವ ಘನಘೋರ ಕಥೆ. ನೋಡಿದವರೆಲ್ಲ ಕೆಳಗೆ ನಗುವ ಮುಖಗಳನ್ನು ಸಾಲಾಗಿ ಅಂಟಿಸಿ ಹೋದರು. ನರಿಮೊಗರಿನ ಒಬ್ಬರಂತೂ, ತಮ್ಮ ಮಗು ಇದನ್ನು ಹಾಕದೆ ಊಟ ಮಾಡುವುದಿಲ್ಲ ಎಂದು ಬರೆದು ಧನ್ಯವಾದ ಅರ್ಪಿಸಿದ್ದರು.

ಇಷ್ಟಾದ ಮೇಲೆ ಎರಡನೇ ಭಾಗ ಅನಿವಾರ್ಯವಾಯಿತು. ಈ ಸಲ ಜೀವಿ ಒಂದಲ್ಲ, ಏಳು. ಏಳಕ್ಕೂ ಮೇಲೆ ಒಬ್ಬಳು ಮಹಾಮಾತೆ.

ಜೀವಿಗಳಿಗೆ ಚರ್ಮ ಹೊಲಿಯಬೇಕಾದವಳು ಅವನ ಹೆಂಡತಿ ಗೋದಾವರಿ. ಅವಳು ಮನೆಯ ಜಗಲಿಯಲ್ಲಿ ಟೈಲರಿಂಗ್ ಮಾಡುತ್ತಾಳೆ. ಮೊದಲ ಭಾಗದಲ್ಲಿ ಬಟ್ಟೆ ಒಗೆಯುತ್ತಾ ಸತ್ತವಳೂ ಅವಳೇ. ಮದುವೆ ರವಿಕೆಗಳ ರಾಶಿಯ ನಡುವೆ ಕೂತು, ಗಂಡನ ಹೊಸ ಕಥೆಯನ್ನು ಪೂರ್ತಿ ಕೇಳಿ, ಬಾಯಲ್ಲಿದ್ದ ಸೂಜಿ ತೆಗೆದು ಒಂದೇ ಪ್ರಶ್ನೆ ಕೇಳಿದಳು.

“ಮೊದಲನೇದರಲ್ಲಿ ಅದು ನನ್ನನ್ನು ಯಾಕೆ ಕೊಂದದ್ದು?”

“ಅದು ಅನ್ಯಗ್ರಹದ್ದಲ್ವಾ.”

“ಅನ್ಯಗ್ರಹದ್ದಾದರೆ ಕಾರಣ ಬೇಡ್ವಾ? ಅಷ್ಟು ದೂರದಿಂದ ಬಂದದ್ದು ಬಟ್ಟೆ ಒಗೆಯುವವಳನ್ನು ಕೊಲ್ಲಲಿಕ್ಕಾ?”

ಇದೆಲ್ಲ ವಿಜ್ಞಾನ, ನಿನಗೆ ಹೇಳಿದರೆ ತಲೆಗೆ ಹೋಗುವುದಿಲ್ಲ ಎಂದು ನಿರ್ದೇಶಕ ಮಹಾಶಯ ಮಾತು ಮುಗಿಸಿದ. ಗೋದಾವರಿ ಸೂಜಿಯನ್ನು ಮತ್ತೆ ಬಾಯಿಗೆ ಸಿಕ್ಕಿಸಿಕೊಂಡಳು. ಹತ್ತು ದಿನ ಕೂತು, ಕಪ್ಪು ರೆಕ್ಸಿನ್ ಮತ್ತು ಹಳೇ ಕೊಡೆಬಟ್ಟೆಯಲ್ಲಿ ಎಂಟು ಚರ್ಮ ಹೊಲಿದಳು. ಮಹಾಮಾತೆಯದ್ದಕ್ಕೆ ಬೆನ್ನಿನಲ್ಲಿ ಕುತ್ತಿಗೆವರೆಗೂ ಜಿಪ್ಪು ಇಟ್ಟಳು.

ಜಾಗ ಸಿಕ್ಕಿದ್ದು ನೆಲ್ಯಾಡಿ ಕಡೆ, ಜಿಂಟೋನ ಅಪ್ಪ ಪಾಪ್ಪಚ್ಚನ್ ಅವರ ತೋಟದಲ್ಲಿ. ಅಲ್ಲಿ ರಬ್ಬರ್ ಶೀಟುಗಳನ್ನು ಹೊಗೆಗೆ ಹಾಕಿ ಒಣಗಿಸುವ ಹೊಗೆಮನೆ ಉಂಟು. ಕಿಟಕಿಯಿಲ್ಲ, ಗೋಡೆಯೆಲ್ಲ ಮಸಿ. ಬಿದಿರಿನ ಮೇಲೆ ಕಂದು ಶೀಟುಗಳು ಯಾರೋ ಸುಲಿದು ನೇತುಹಾಕಿದ ಹಾಗೆ ತೂಗುತ್ತವೆ. ಬಾಗಿಲಲ್ಲಿ ನಿಂತು ನೋಡಿದ ರಾಮಪ್ರಸಾದ, ಇದೇ ನನ್ನ ವ್ಯೋಮನೌಕೆ ಎಂದು ಘೋಷಿಸಿದ. ಪಾಪ್ಪಚ್ಚನ್ ಒಪ್ಪಿದರು, ಆದರೆ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಸಂಜೆವರೆಗೆ ಮಾತ್ರ. ಸೋಮವಾರ ಬೆಳಿಗ್ಗೆ ಹಸಿ ಶೀಟು ಹಾಕಿ ಬೆಂಕಿ ಮಾಡುವವರೇ. ಪುತ್ತೂರಿನ ಕಿರುಚಿತ್ರ ಸ್ಪರ್ಧೆಗೆ ಚಿತ್ರ ಕಳಿಸಲು ಮಂಗಳವಾರ ಕೊನೆಯ ದಿನ. ಎಂದರೆ, ಏನಾಗುವುದಿದ್ದರೂ ಆ ಒಂದು ಭಾನುವಾರವೇ ಆಗಬೇಕು.

ಆ ಭಾನುವಾರ ಬೆಳಿಗ್ಗೆ ಮಹಾಮಾತೆ ಕೈಕೊಟ್ಟಳು. ಪಾತ್ರ ಮಾಡಬೇಕಿದ್ದ ಪೋಸ್ಟ್‌ಮ್ಯಾನ್ ತೀರ್ಥರಾಮನಿಗೆ ಸೊಂಟ ಹಿಡಿದು ಹಾಸಿಗೆಯಿಂದ ಏಳಲಾಗಲಿಲ್ಲ. ಆರಡಿ ಎತ್ತರದ ಅವನಿಗೆ ಹೊಲಿದ ಚರ್ಮದೊಳಗೆ ಐದೂಕಾಲಡಿಯ ರಾಮಪ್ರಸಾದನೇ ಇಳಿದ. ಕಲೆಗಾಗಿ ಇಷ್ಟಾದರೂ ಮಾಡಬೇಡವೇ?

ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಮಹಾಮಾತೆಯ ಮೈಯಿಂದ ಲೋಳೆ ಸುರಿಯಬೇಕು ಎಂದು ಅವನಿಗೆ ಆಸೆ. ತೋಟದಲ್ಲಿ ಆಗಷ್ಟೇ ಇಳಿಸಿದ ರಬ್ಬರ್ ಹಾಲು ಬಕೆಟಿನಲ್ಲಿ ಇತ್ತು. ಇದು ಗಟ್ಟಿಯಾಗ್ತದೆ ಎಂದು ಪಾಪ್ಪಚ್ಚನ್ ಎರಡು ಸಲ ಹೇಳಿದರು. ಇಪ್ಪತ್ತು ವರ್ಷದಿಂದ ಮೋಟರಿಗೆ ವಾರ್ನಿಶು ಹಚ್ಚುವವನಿಗೆ ಇದನ್ನು ಕಲಿಸಬೇಡಿ ಎಂದು ರಾಮಪ್ರಸಾದ ನಕ್ಕ. ಜಿಂಟೋ ತಲೆಯಿಂದ ಸುರಿದ. ನಿನ್ನೆಯ ಬೆಂಕಿಯ ಬಿಸಿ ಹೊಗೆಮನೆಯೊಳಗೆ ಇನ್ನೂ ಇತ್ತು. ಮುಕ್ಕಾಲು ಗಂಟೆಯಲ್ಲಿ ಮಹಾಮಾತೆಯ ಬೆರಳುಗಳು ಒಂದಾದವು, ಮುಖವಾಡ ಕುತ್ತಿಗೆಗೆ ಅಂಟಿತು, ಜಿಪ್ಪು ಎಲ್ಲಿತ್ತೆಂಬುದೇ ತಿಳಿಯದಾಯಿತು.

ಅವನು ಒಳಗಿನಿಂದ “ಕಟ್” ಎಂದ. ಹೊರಗೆ ಕೇಳಿದ್ದು “ಮ್ಮ್‌ಮ್” ಎಂದು. ಏಳು ಜೀವಿಗಳಾಗಿದ್ದ ಕಾಣಿಯೂರಿನ ವಾಲಿಬಾಲ್ ತಂಡದವರು, ತಾಯಿ ಗರ್ಜಿಸಿದಳು ಎಂದು ತಿಳಿದು ತಾವೂ ಗರ್ಜಿಸಿದರು.

ಹರಿದರೆ ಹೊಲಿಯಲು ಸೂಜಿದಾರ ಹಿಡಿದು ಬಂದಿದ್ದ ಗೋದಾವರಿ ಹತ್ತಿರ ಹೋಗಿ, ಬಾಯಿಯ ತೂತಿಗೆ ಕೈ ಹಿಡಿದು ನೋಡಿದಳು. ಉಸಿರು ಸರಿಯಾಗಿತ್ತು. ರಬ್ಬರ್ ಮರ ಗೀರುವ ಕತ್ತಿಯಲ್ಲಿ ಸೀಳಿಬಿಡೋಣ ಎಂದು ಪಾಪ್ಪಚ್ಚನ್ ಹೊರಟರು. ಅವಳು ತಡೆದಳು.

“ಸೀಳಿದರೆ ಸಿನಿಮಾ ಇಲ್ಲ,” ಎಂದಳು ಗಂಡನಿಗೆ. “ಸೀಳುದಾ, ಸಿನಿಮಾ ಮಾಡುದಾ? ಸಿನಿಮಾ ಆದರೆ ಕೈ ಎತ್ತಿ.”

ಮಹಾಮಾತೆ ಕತ್ತಿಯ ಕಡೆಗೊಮ್ಮೆ, ಕ್ಯಾಮೆರಾದ ಕಡೆಗೊಮ್ಮೆ ತಿರುಗಿದಳು. ಆಮೇಲೆ ಅಂಟಿಕೊಂಡ ಕೈಯನ್ನು ಮೆಲ್ಲಗೆ ಎತ್ತಿದಳು.

ಗೋದಾವರಿ ಜಿಂಟೋನ ಕೈಯಿಂದ ಚಿತ್ರಕಥೆ ತೆಗೆದುಕೊಂಡು, ಕೊನೆಯ ಹಾಳೆವರೆಗೆ ಓದಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮತ್ತೆ ಅದನ್ನು ಹೊರಗೆ ತೆಗೆಯಲಿಲ್ಲ. ಹೋದ ಸಲ ಕರೆಂಟು ತಗಲಿ ಸತ್ತ ಜೀವಿ ಈ ತಾಯಿಯ ಮಗು, ಅದನ್ನು ಹುಡುಕಿಕೊಂಡು ಇವಳು ಬಂದದ್ದು ಎಂದು ಎಲ್ಲರಿಗೂ ಹೇಳಿದಳು. ತೂಗುವ ಶೀಟು ನೋಡಿ ತಾಯಿಗೆ ಅದು ಮಗುವಿನ ಚರ್ಮ ಎಂದು ಕಾಣ್ತದೆ. ಒಂದೊಂದನ್ನೂ ಮುಟ್ಟಿ, ಮೂಸಿ, ಮುಂದೆ ಹೋಗಬೇಕು. ಪಾಪ್ಪಚ್ಚನ್ ಅವರ ಹೆಂಡತಿ ಆಲೀಸ್ ಬಾಗಿಲು ತೆರೆದು ಇದನ್ನು ನೋಡಬೇಕು. ಕಿರುಚಬಾರದು, ಸುಮ್ಮನೆ ನೋಡಬೇಕು. ಬೆಳಕು ಬಾಗಿಲಿಂದ ಮಾತ್ರ ಬರಲಿ.

ಜಿಂಟೋ ಕ್ಯಾಮೆರಾ ಇಳಿಸಿ, ಇದೆಲ್ಲ ನಿಮಗೆ ಹೇಗೆ ಗೊತ್ತು ಚೇಚಿ (ಅವನ ಮಲಯಾಳದಲ್ಲಿ ಅಕ್ಕ) ಎಂದು ಕೇಳಿದ.

“ಹೋದ ಸಲ ಒಂದೇ ಸೀನಿಗೆ ಹನ್ನೊಂದು ಸಲ ಸತ್ತು ಬಿದ್ದಿದ್ದೇನೆ. ಸತ್ತವಳಿಗೆ ಬೇರೆ ಕೆಲಸ ಎಂತ ಉಂಟು? ಯಾರು ಎಲ್ಲಿ ತಪ್ಪು ಮಾಡ್ತಾರೆ ಅಂತ ನೋಡುದೇ.”

ತನ್ನ ಭಯಾನಕ ಚಿತ್ರ ತಾಯಿ-ಮಗುವಿನ ಕಥೆಯಾಗುವುದನ್ನು ರಾಮಪ್ರಸಾದ ಒಳಗಿನಿಂದಲೇ ಉಗ್ರವಾಗಿ ವಿರೋಧಿಸಿದ. ತಲೆ ಆಡಿಸಿದ, ನೆಲಕ್ಕೆ ಕಾಲು ಬಡಿದ, ಎರಡೂ ಕೈ ಮೇಲೆತ್ತಿ ಮೊರೆಯಿಟ್ಟ.

“ತೆಗಿ ಜಿಂಟೋ, ತೆಗಿ,” ಎಂದಳು ಗೋದಾವರಿ. “ಈಗ ಸರಿಯಾಗಿ ದುಃಖ ಬಂತು.”

ಸಂಜೆಗೆ ಆಲೀಸ್ ಎಣ್ಣೆ ಹಚ್ಚಿ ಹಚ್ಚಿ ಅವನನ್ನು ಬಿಡಿಸಿದರು. ರಬ್ಬರಿನ ಜೊತೆಗೆ ಕೈಯ ರೋಮವೂ ಎಡ ಹುಬ್ಬಿನ ಅರ್ಧವೂ ಹೋದವು. ಬಾಯಿ ಬಂದ ಕೂಡಲೇ ಅವನು ಎಲ್ಲವನ್ನೂ ಮತ್ತೆ ತೆಗೆಯಬೇಕೆಂದು ಹಟ ಹಿಡಿದ. ಪಾಪ್ಪಚ್ಚನ್ ಆಗಲೇ ನಾಳೆಯ ಕಟ್ಟಿಗೆ ಜೋಡಿಸುತ್ತಿದ್ದರು.

ಪುತ್ತೂರಿನ ಸಭಾಭವನದಲ್ಲಿ ಚಿತ್ರ ತೋರಿಸಿದ ದಿನ ಯಾರೂ ನಗಲಿಲ್ಲ. ತಾಯಿ ಐದನೇ ಶೀಟನ್ನು ಮೂಸಿ ಬಿಟ್ಟು ಆರನೆಯದಕ್ಕೆ ಕೈ ಚಾಚಿದಾಗ ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ರಾಮಪ್ರಸಾದನ ಮೂಗೂ ಸೊರಸೊರ ಎಂದಿತು. ರಬ್ಬರ್ ವಾಸನೆಯ ನೆನಪಾಗಿರಬೇಕು ಎಂದು ಸಮಾಧಾನ ಮಾಡಿಕೊಂಡ. ಚಿತ್ರ ಕಳಿಸುವಾಗ ಜಿಂಟೋ ನಿರ್ದೇಶನ ಎಂಬಲ್ಲಿ ಗೋದಾವರಿ ಎಂದೇ ಹಾಕಿದ್ದ. ಒಳ್ಳೆಯ ನಿರ್ದೇಶನದ ಬಹುಮಾನಕ್ಕೆ ವೇದಿಕೆಯಿಂದ ಅವಳ ಹೆಸರು ಕರೆದರು. ಬಹುಮಾನದ ಫಲಕ ತುಸು ಭಾರವಿತ್ತು, ಮನೆವರೆಗೆ ಹೊತ್ತದ್ದು ಅವನೇ.

ಮರುವಾರ ಪತ್ರಿಕೆಯೊಂದರಿಂದ ನುಸ್ರತ್ ಎಂಬ ವರದಿಗಾರ್ತಿ ಮನೆಗೆ ಬಂದಳು. ರಾಮಪ್ರಸಾದ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಹೋದ ಹುಬ್ಬನ್ನು ಕಾಡಿಗೆಯಲ್ಲಿ ತಿದ್ದಿಕೊಂಡು, ಬಾಗಿಲಲ್ಲೇ ನಿಂತಿದ್ದ. ಅವಳು ನಮಸ್ಕಾರ ಹೇಳಿ, ಡೈರೆಕ್ಟರ್ ಮೇಡಂ ಒಳಗಿದ್ದಾರಾ ಎಂದು ಕೇಳಿದಳು. ಇದ್ದಾರೆ ಎಂದು ದಾರಿ ಬಿಟ್ಟ. ಸಂದರ್ಶನ ಮುಕ್ಕಾಲು ಗಂಟೆ ನಡೆಯಿತು. ಚಹಾ ಅವನೇ ತಂದಿಟ್ಟ.

ಕೊನೆಗೆ ಆ ತಾಯಿಯ ಪಾತ್ರ ಮಾಡಿದ್ದು ಯಾರು ಎಂದು ನುಸ್ರತ್ ಕೇಳಿದಾಗ ಗೋದಾವರಿ ಗಂಡನನ್ನು ತೋರಿಸಿದಳು. ಹುಡುಗಿ ಎದ್ದು ನಿಂತಳು. ಮನೆಗೆ ಹೋದ ಮೇಲೂ ಅತ್ತಿದ್ದೇನೆ ಸರ್ ಎಂದಳು. ಅವಳ ಕಣ್ಣಲ್ಲಿ ಸುಳ್ಳಿರಲಿಲ್ಲ. ನಿಮ್ಮದೊಂದು ಫೋಟೋ ಬೇಕೇ ಬೇಕು ಎಂದು ಕ್ಯಾಮೆರಾ ತೆಗೆದಳು. ರಾಮಪ್ರಸಾದ ಕಾಲರು ಸರಿ ಮಾಡಿಕೊಂಡು, ಹುಬ್ಬು ಇರುವ ಬದಿಯನ್ನು ಬೆಳಕಿಗೆ ತಿರುಗಿಸಿ, ಎದೆ ಉಬ್ಬಿಸಿ ನಿಂತ.

ನುಸ್ರತ್ ಕ್ಯಾಮೆರಾದಲ್ಲಿ ಸ್ವಲ್ಪ ಹೊತ್ತು ನೋಡಿದಳು, ಮತ್ತೆ ಇಳಿಸಿದಳು.

“ಬೇಸರ ಮಾಡ್ಬೇಡಿ ಸರ್. ಈ ಮುಖದಲ್ಲಿ ಆ ದುಃಖ ಕಾಣುದಿಲ್ಲ. ಆ ಡ್ರೆಸ್ ಉಂಟಾ?”

ಡ್ರೆಸ್ ಉಂಟು. ಗೋದಾವರಿ ಹರಿದಲ್ಲೆಲ್ಲ ಹೊಲಿದು, ಒಳಕೋಣೆಯ ಗೂಟಕ್ಕೆ ನೇತುಹಾಕಿದ್ದಳು. ರಾಮಪ್ರಸಾದ ಒಳಗೆ ಹೋಗಿ, ಒಂದೊಂದೇ ಕಾಲು ಇಳಿಸಿ, ಮುಖವಾಡ ಎಳೆದುಕೊಂಡು ಜಗಲಿಗೆ ಬಂದ.

“ಸ್ವಲ್ಪ ಬಗ್ಗಿ ನಿಲ್ಲಿ,” ಎಂದಳು ಗೋದಾವರಿ, ರವಿಕೆಯಿಂದ ಕಣ್ಣೆತ್ತದೆ. “ಮಗು ಹೋದ ತಾಯಿ ಅಲ್ವಾ.”

ಅವನು ಬಗ್ಗಿದ.