ಅರ್ಧ ರೊಟ್ಟಿಯ ಕಡತ

ಹಸಿದವರಿಗೆ ಅಕ್ಕಿ ಮುಟ್ಟಿಸುವ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿದ್ದೆ. ಅಲ್ಲಿ ಅಕ್ಕಿಗೆ ಆಗಾಗ ಕೊರತೆ ಬಿದ್ದದ್ದುಂಟು, ನಗೆಗೆ ಒಂದು ದಿನವೂ ಬಿದ್ದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಅಂತ ತಿರುಗಿ ನಾಲ್ಕೂ ಕಡೆ ಕುರ್ಚಿ ಸವೆಸಿದ್ದೇನೆ. ಮುಂದೆ ಹೇಳುವ ಕಚೇರಿ ಇವುಗಳಲ್ಲಿ ಯಾವುದೂ ಅಲ್ಲ ಎಂದುಕೊಂಡೇ ಓದಿ. ನನ್ನ ಪಿಂಚಣಿ ಕಾಗದಕ್ಕೆ ಇನ್ನೂ ಒಂದು ಸಹಿ ಬೀಳಬೇಕಾಗಿದೆ.

ಕಚೇರಿಯಲ್ಲಿ ನಾವು ನಾಲ್ಕೇ ಜನ: ಸಾಹೇಬರು, ಇನ್ಸ್‌ಪೆಕ್ಟರು, ಕಸ ಗುಡಿಸಿ ಚಹಾ ಮಾಡುವ ಅಕ್ಕ, ಮತ್ತು ನಾನು. ತಪ್ಪು ಹೆಚ್ಚಾಗಿ ನನ್ನದೇ.

೧. ಕಾಣೆಯಾದ ಚೀಲ

ಒಮ್ಮೆ ಗೋದಾಮಿನಲ್ಲಿ ಒಂದು ಚೀಲ ಅಕ್ಕಿ ಕಡಿಮೆ ಬಂತು. ಒಂದೇ ಚೀಲ. ಸಾಹೇಬರೂ ಇನ್ಸ್‌ಪೆಕ್ಟರೂ ಜೀಪು ಹತ್ತಿ ಮಲಪ್ರಭೆ ದಾಟಿ ತನಿಖೆಗೆ ಹೋದರು. ಒಂದು ದಿನ ಗೋದಾಮಿನ ಕೀಲಿ ಇದ್ದವನು ಇರಲಿಲ್ಲ, ಇನ್ನೊಂದು ದಿನ ತಕ್ಕಡಿ ಕೆಟ್ಟಿತ್ತು, ಮತ್ತೊಂದು ದಿನ ಎಲ್ಲ ಸರಿಯಿತ್ತು, ಆದರೆ ಸಾಹೇಬರ ಕನ್ನಡಕ ಕಚೇರಿಯಲ್ಲೇ ಉಳಿದಿತ್ತು. ಹೀಗೆ ಆರು ಸಲ ಹೋಗಿ ಬಂದರು. ಡೀಸೆಲ್ ಬಿಲ್ಲನ್ನು ನಾನು ಬರೆಯುತ್ತಿದ್ದಾಗ ಅಕ್ಕ ಚಹಾ ಇಡುತ್ತ ಮೆಲ್ಲಗೆ ಕೇಳಿದಳು.

"ಈ ಎಣ್ಣಿ ರೊಕ್ಕದಾಗ ಎರಡ ಚೀಲ ಅಕ್ಕಿ ತಂದು ಇಟ್ಟಿದ್ರ ಮುಗೀತಿತ್ತಲ್ರಿ ಸರ?"

ಸಾಹೇಬರಿಗೆ ಕೇಳಿಸಿತು. ಸಿಟ್ಟಾಗಲಿಲ್ಲ, ತಿಳಿಸಿ ಹೇಳಿದರು: "ಹುಚ್ಚಿ, ಹಂಗ ಮಾಡಿದ್ರ ಒಂದ ಚೀಲ ಹೆಚ್ಚ ಆತು ಅಂತ ಮತ್ತೊಂದು ತನಿಖಿ ಮಾಡಬೇಕಾಗತೈತಿ."

೨. ಉಳಿದ ಊಟ

ತಾಲೂಕಿನಲ್ಲಿ ಒಬ್ಬರೂ ಹಸಿದು ಮಲಗಬಾರದು ಎಂದು ಒಂದು ಸಭೆ ಇಟ್ಟೆವು. ಎಂಬತ್ತು ಜನರ ಊಟ ಹೇಳಿಸಿದ್ದೆ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮಸಾಲೆ ಅನ್ನ. ಬಂದವರು ಇಪ್ಪತ್ತೆರಡು ಮಂದಿ. ಹಸಿವಿನ ಬಗ್ಗೆ ಮಾತಾಡಿ ಎಲ್ಲರಿಗೂ ಹಸಿವಾಗಿತ್ತು, ಆದರೂ ಎಷ್ಟಂತ ತಿಂದಾರು?

ಉಳಿದದ್ದನ್ನು ಬಡವರ ಓಣಿಗೆ ಹಂಚೋಣ ಎಂದೆ. ಸಾಹೇಬರು ಒಪ್ಪಿದರು. ಆದರೆ ಸರಕಾರದ ಖರ್ಚಿನ ಊಟ, ಅರ್ಹರಿಗೇ ಹೋಗಬೇಕಲ್ಲ? ಪಟ್ಟಿ ಮಾಡಿ ತರಲು ಇನ್ಸ್‌ಪೆಕ್ಟರನ್ನು ಕಳಿಸಿದರು. ಅವರು ಪಾಪ ಬಿಸಿಲಲ್ಲಿ ತಿರುಗಿ ಮೂರನೆಯ ದಿನ ಅಚ್ಚುಕಟ್ಟಾದ ಪಟ್ಟಿ ತಂದರು. ಅಷ್ಟರಲ್ಲಿ ಅನ್ನ ನೊರೆ ಬಂದು ನಾರುತ್ತಿತ್ತು. ಅಕ್ಕ ಮೂಗಿಗೆ ಸೆರಗು ಕಟ್ಟಿಕೊಂಡು ಪಾತ್ರೆಗಳನ್ನು ಹಿತ್ತಲಿಗೆ ಸುರಿದಳು, ನಾಯಿಗಳು ಓಡಿ ಬಂದವು.

"ಸರ, ಇವುಗಳದು ಪಟ್ಟಿ ಬ್ಯಾಡೇನ್ರಿ?" ಎಂದಳು.

೩. ನೌಕರಿ ಸಿಕ್ಕಿತು

ಇಲ್ಲಿಂದ ಮುಂದಿನದಕ್ಕೆ ನಾನೇ ಹೊಣೆ. ನಮ್ಮಲ್ಲಿ ಒಂದು ಜವಾನನ ಹುದ್ದೆ ವರ್ಷಗಟ್ಟಲೆ ಖಾಲಿ ಇತ್ತು. ವರ್ಷದ ವರದಿಯಲ್ಲಿ ಖಾಲಿ ಎಂದು ಬರೆದರೆ ಮೇಲಿನವರು ಹತ್ತು ಪ್ರಶ್ನೆ ಕೇಳುತ್ತಾರೆ. "ಅಕ್ಕನ ಹೆಸರು ಹಾಕಿ ಬಿಡ್ರಿ" ಎಂದರು ಸಾಹೇಬರು, ಹಾಕಿದೆ. ಅಕ್ಕ ಗುತ್ತಿಗೆದಾರನ ಕೈಕೆಳಗೆ ದುಡಿಯುವವಳು. ಮೂರು ತಿಂಗಳಿಗೊಮ್ಮೆ ಅವನಿಗೆ ನೆನಪಾದಾಗ ಕೂಲಿ. ಮನೆಯಲ್ಲಿ ಕಣ್ಣು ಕಾಣದ ಅತ್ತೆ. ಇಬ್ಬರ ಹೊಟ್ಟೆಯೂ ನಿಂತದ್ದು ರೇಷನ್ ಅಕ್ಕಿಯ ಮೇಲೆ.

ಮುಂದಿನ ವರ್ಷ ಸರಕಾರಿ ನೌಕರರ ರೇಷನ್ ಕಾರ್ಡು ರದ್ದು ಮಾಡಿ ಎಂದು ಆದೇಶ ಬಂತು. ಕಂಪ್ಯೂಟರು ಹೆಸರು ಹೆಕ್ಕಿ ಕೊಟ್ಟಿತು, ನಾನು ಓದದೆ ಮೊಹರು ಹೊಡೆದೆ. ತಾಲೂಕಿನಲ್ಲಿ ದೊಡ್ಡ ದೊಡ್ಡ ಮನೆಯವರೆಲ್ಲ ಹೇಗೋ ಉಳಿದುಕೊಂಡರು, ನಮ್ಮ ಅಕ್ಕ ಸಿಕ್ಕಿಬಿದ್ದಳು.

ರೇಷನ್ ಅಂಗಡಿಯಿಂದ ಮನೆಗೆ ಹೋಗಿ, ಖಾಲಿ ಚೀಲ ಹಿಡಿದೇ ನನ್ನ ಟೇಬಲ್ಲಿಗೆ ಬಂದಳು. "ಸರ, ನಾ ಸರಕಾರಿ ನೌಕರಿಯಾಕಿ ಅಂತ ಅಂಗಡಿಯಾಂವ ಅಂದ. ನಮ್ಮತ್ತಿಗೆ ಹೇಳಿದೆ. ಓಣಿ ತುಂಬ ಸಕ್ಕರಿ ಹಂಚು ಅಂತ ಕುಂತಾಳ." ಚೀಲ ಮಡಚುತ್ತ ಕೇಳಿದಳು, "ಪಗಾರ ಯಾವಾಗಿಂದ್ರಿ?"

೪. ಸ್ಥಳ ಪರಿಶೀಲನೆ

ವರದಿ ತಿದ್ದೋಣ ಎಂದು ಸಾಹೇಬರ ಮುಂದೆ ನಿಂತೆ. "ತಿದ್ದಿದ್ರ, ಇಷ್ಟ ದಿನ ಸುಳ್ಳ ಯಾಕ ಬರದ್ರಿ ಅಂತಾರ. ಅಕ್ಕನ ಕಡಿಂದ ಅರ್ಜಿ ತಗೋರಿ. ಕಷ್ಟ ಐತಿ ಅಂತ ಇನ್ಸ್‌ಪೆಕ್ಟರು ನೋಡಿ ಬರೀಲಿ, ಕಾರ್ಡ ಚಾಲೂ ಮಾಡೂಣು" ಎಂದರು.

ಇನ್ಸ್‌ಪೆಕ್ಟರು ಜೀಪಿನಲ್ಲಿ ಅಕ್ಕನ ಮನೆಗೆ ಹೋದರು. ಬೀಗ. ಎರಡು ದಿನ ಬಿಟ್ಟು ಮತ್ತೆ ಹೋದರು. ಬೀಗ. ಅಕ್ಕ ಎಲ್ಲಿರುತ್ತಾಳೆ? ಕಚೇರಿಯಲ್ಲಿ ಇನ್ಸ್‌ಪೆಕ್ಟರ ಟೇಬಲ್ ಒರೆಸುತ್ತಿರುತ್ತಾಳೆ. ಅತ್ತೆ ದಾರಿ ತಪ್ಪಿ ರಸ್ತೆಗೆ ಹೋಗಬಾರದೆಂದು ಹೊರಗಿನಿಂದ ಕೀಲಿ ಹಾಕಿ ಬರುತ್ತಿದ್ದಳು. ಮೂರನೆಯ ಸಲ ಒಳಗಿನಿಂದ ಕೆಮ್ಮು ಕೇಳಿ ಇನ್ಸ್‌ಪೆಕ್ಟರು ರೂಢಿಯ ಮೇಲೆ, "ಊಟ ಆತೇನ್ರಿ ಅಜ್ಜಿ?" ಎಂದರು.

ನಮ್ಮ ಕಡೆ ಇದು ನಮಸ್ಕಾರ ಇದ್ದ ಹಾಗೆ. ಮೂರು ದಿನ ಒಲೆ ಹೊತ್ತದಿದ್ದರೂ ಬಾಗಿಲಿಗೆ ಬಂದವರಿಗೆ ಯಾರೂ ‘ಊಟ ಆಗಿಲ್ಲ’ ಅನ್ನುವುದಿಲ್ಲ. ಮುದುಕಿ ಒಳಗಿನಿಂದ, "ಆತಪಾ, ನಿಂದು?" ಎಂದಳು.

ಇನ್ಸ್‌ಪೆಕ್ಟರು ಬರೆದರು: "ಕುಟುಂಬದವರನ್ನು ವಿಚಾರಿಸಲಾಗಿ ಊಟವಾಗಿದೆ ಎಂದು ತಿಳಿಸಿರುತ್ತಾರೆ. ಸಂಕಷ್ಟ ಕಂಡುಬಂದಿಲ್ಲ. ಅರ್ಜಿದಾರರು ಸ್ಥಳದಲ್ಲಿ ಇರುವುದಿಲ್ಲ." ಬರೆದು ಕುರ್ಚಿಗೆ ಒರಗಿ, "ಅಕ್ಕಾ, ಒಂದ ಚಾ ಕೊಡ್ರಿ. ನಿಮ್ಮ ಮನಿಗೆ ಎಡತಾಕಿ ಸಾಕಾತು, ಒಂದ ದಿನಾನೂ ನೀವು ಸಿಗಲಿಲ್ಲ" ಎಂದರು.

೫. ಅರ್ಧ ರೊಟ್ಟಿ

ಇನ್ಸ್‌ಪೆಕ್ಟರಿಗೆ ವರ್ಗವಾಯಿತು. ನಾನು ಸಾಹೇಬರ ಬೆನ್ನು ಬಿಡಲಿಲ್ಲ, ಮರು ಪರಿಶೀಲನೆಗೆ ನನ್ನನ್ನೇ ಕಳಿಸಿದರು. ಅಷ್ಟರಲ್ಲಿ ಅಕ್ಕಿ ನಿಂತು ನಾಲ್ಕು ತಿಂಗಳು. ಅಕ್ಕನ ರವಿಕೆಯ ತೋಳು ಜೋಲು ಬಿದ್ದಿತ್ತು, ನೋಡಲು ನನಗೆ ನಾಚಿಕೆಯಾಗುತ್ತಿತ್ತು. ಅವಳಿಂದ ಕೀಲಿ ಇಸಿದುಕೊಂಡು ಮಧ್ಯಾಹ್ನ ಹೋದೆ.

ಬಾಗಿಲು ತೆಗೆದರೆ ಮುದುಕಿ ಕೌದಿಯ ಮೇಲೆ ಕೂತಿದ್ದಳು.

"ಯಾರಪಾ?"

"ಸರಕಾರದಿಂದ ಬಂದೇನಿ ಅಜ್ಜಿ."

"ಊಟ ಆತೇನೋ ಯಪ್ಪಾ?"

ಆಯಿತು ಅಂದರೆ ಹಳೆಯ ವರದಿಯೇ ಮತ್ತೆ. ನಾನು ನಿಜ ಹೇಳಿದರೆ ಅವಳೂ ನಿಜ ಹೇಳಿಯಾಳು ಎಂದು ಲೆಕ್ಕ ಹಾಕಿದೆ. ನನ್ನ ಊಟ ನಿಜಕ್ಕೂ ಆಗಿರಲಿಲ್ಲ. "ಇಲ್ಲಜ್ಜಿ, ಆಗಿಲ್ಲ" ಎಂದು ಪೆನ್ನು ತೆಗೆದು ಕಾದೆ.

ಮುದುಕಿ ಗೋಡೆ ಹಿಡಿದುಕೊಂಡು ಎದ್ದಳು. ತಡಕಾಡಿ ಬುಟ್ಟಿಯಿಂದ ಅರ್ಧ ರೊಟ್ಟಿ ತೆಗೆದು, ಮೇಲೆ ಚೂರು ಖಾರಪುಡಿ ಉದುರಿಸಿ, ನನ್ನ ಕೈ ಹುಡುಕಿ ಇಟ್ಟಳು. ಬೇಡ ಎಂದೆ. "ಮನಿಗೆ ಬಂದಾಂವ ಹಸದ ಹೋದ್ರ ನಮಗ ಪಾಪ" ಎಂದು, ನಾನು ಮುಗಿಸುವ ತನಕ ಮಣಿಕಟ್ಟು ಬಿಡಲಿಲ್ಲ. ಸರಕಾರದ ಖರ್ಚಿನಲ್ಲಿ ಎಷ್ಟೋ ಹೋಳಿಗೆ ತಿಂದವನು ನಾನು, ಆ ಅರ್ಧ ರೊಟ್ಟಿಯನ್ನೂ ಮುಗಿಸಿದೆ. ಆಮೇಲೆ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ನೋಡಿ ಬರೆದೆ: "ಮನೆಯಲ್ಲಿದ್ದ ಆಹಾರ ಅರ್ಧ ರೊಟ್ಟಿ. ಈಗ ಅದೂ ಇಲ್ಲ."

"ಈಗ ಇಲ್ಲ ಅಂದ್ರ? ಎಲ್ಲಿ ಹೋತು?" ಎಂದರು ವರದಿ ಓದಿದ ಸಾಹೇಬರು.

"ನಾ ತಿಂದೆ ಸರ."

ಆ ವರದಿಯ ಮೇಲೆ ಕಾರ್ಡು ಚಾಲೂ ಆಯಿತು. ಅದರ ಜೊತೆಗೆ ನನಗೊಂದು ನೋಟಿಸೂ ಬಂತು: ಅರ್ಜಿದಾರರಿಂದ ತಿನಿಸು ಸ್ವೀಕರಿಸಿದ್ದು ಏಕೆ? ಕಚೇರಿಯ ಟಪಾಲು ಹಂಚುವವಳು ಅಕ್ಕನೇ, ನೋಟಿಸನ್ನೂ ಅವಳೇ ತಂದು ಟೇಬಲ್ ಮೇಲೆ ಇಟ್ಟಳು. "ಏನ ಬರದಾರ್ರಿ ಸರ ಇದರಾಗ?" ಎಂದಳು. ತಲೆ ತಗ್ಗಿಸಿ ಓದಿ ಹೇಳಿದೆ. ನಿಮ್ಮ ಅತ್ತೆಯ ಪಾಲಿನ ರೊಟ್ಟಿ ತಿಂದುಬಿಟ್ಟೆ, ತಪ್ಪಾಯಿತು ಎಂದೆ.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆ ಎಂದುಕೊಂಡೆ, ನಗುತ್ತಿದ್ದಳು.

"ಅದು ನಮ್ಮತ್ತಿದಲ್ರಿ ಸರ, ನಂದು. ಆಕಿ ತನ್ನ ಅರ್ಧಾ ಮುಂಜಾನೇನ ತಿಂದಿದ್ಲು. ಸಂಜೀಕ ಹಸದ ಮನಿಗೆ ಹೋಗಿ, ನನ್ನ ರೊಟ್ಟಿ ಎಲ್ಲಿಬೇ ಅಂತ ಕೇಳಿದ್ರ ಏನಂದ್ಳು ಗೊತ್ತೇನ್ರಿ? ‘ಸರಕಾರದಾಂವ ಬಂದಿದ್ದ, ಪಾಪ, ಉಂಡಿದ್ದಿಲ್ಲ, ಕೊಟ್ಟೆ. ನಿಂಗೇನವಾ ಕಡಿಮಿ, ನೀ ಸರಕಾರಿ ನೌಕರಿಯಾಕಿ’ ಅಂದ್ಳು."