ನಡುಗಡ್ಡೆಯಲ್ಲಿ ಎದುರಾಬದುರು ಊಟ

ನಾನು ಊಟಕ್ಕೆ ಕೂತರೆ ಸಾಕು, ಎಲ್ಲಿಂದಲೋ ಒಂದು ವಿಘ್ನ ಬಂದು ನನ್ನ ತಾಟಿನ ಮುಂದೆ ಕೂರುತ್ತದೆ. ಇದು ಇಂದು ನಿನ್ನೆಯ ಮಾತಲ್ಲ, ಸಿಂಧನೂರು ಸೀಮೆಗೆ ಕಾಲುವೆ ನೀರು ಬಂದ ಹೊಸತರಿಂದ ನಡೆದುಕೊಂಡು ಬಂದ ಅನ್ಯಾಯ.

ಆಗ ನಮ್ಮ ಮದುವೆಯಾಗಿ ಎರಡು ವರ್ಷ. ನಮ್ಮ ಮನೆಯವರಿಗೆ ಕಾಲುವೆಯ ತೂಬು ಎತ್ತಿ ಇಳಿಸುವ ಕೆಲಸ. ಅತ್ತೆಯ ಮನೆಯಲ್ಲಿ ಗಂಡಸರು ಪಡಸಾಲೆಯಲ್ಲಿ ಉಂಡು, ಕೈ ತೊಳೆದು, ಅಡಿಕೆ ಹಾಕಿಕೊಂಡ ಮೇಲೆ ಹೆಂಗಸರು ಅಡಿಗೆಮನೆಯಲ್ಲಿ ಉಣ್ಣಬೇಕು. ಅಷ್ಟರಲ್ಲಿ ರೊಟ್ಟಿ ಆರಿ, ಪಲ್ಯ ತಳ ಹಿಡಿದಿರುತ್ತಿತ್ತು. ನನಗೆ ಬಂಗಾರ ಬೇಕಿರಲಿಲ್ಲ, ಸೀರೆ ಬೇಕಿರಲಿಲ್ಲ. ಗಂಡನ ಎದುರಿಗೆ ಕೂತು ಒಂದೇ ಒಂದು ಊಟ ಮಾಡಬೇಕಿತ್ತು. ಇದೇನು ದೊಡ್ಡ ಆಸೆಯೇ, ನೀವೇ ಹೇಳಿ!

ಬೇಸಿಗೆಯಲ್ಲಿ ಕಾಲುವೆ ಬಂದ್ ಆಯಿತು, ಅವರಿಗೆ ರಜೆ ಸಿಕ್ಕಿತು. ಲಿಂಗಸುಗೂರಿನ ಆಚೆ ಕೃಷ್ಣಾ ಹೊಳೆಯ ನಡುವೆ ಒಂದು ನಡುಗಡ್ಡೆ ಇದೆ, ಮಾವಿನ ಮರಗಳಿವೆ, ತಂಪು ಗಾಳಿ ಇದೆ ಎಂದು ಯಾರೋ ಹೇಳಿದ್ದರು.

"ಅಲ್ಲಿ ಯಾರ ಇರ್ತಾರ? ನೀನೂ ನಾನೂ ಅಷ್ಟ. ಕೂಡಿ ಕುಂತು ಉಂಡು ಬರೂಣು" ಎಂದರು ನಮ್ಮವರು.

ನಂಬಿದೆ.

ಸುಧಾರಿಸಿದ ಕಾಲ

ನಮ್ಮವರು ಗೆಳೆಯನ ಮೋಟಾರು ಸೈಕಲ್ಲು, ಅದೇ ಫಟಫಟಿ, ಕೇಳಿ ತಂದರು. ಅದು ತಳ್ಳಿದರೆ ಮಾತ್ರ ಶುರುವಾಗುತ್ತಿತ್ತು. ಗೆಳೆಯ ಕೈಮುಗಿದು ಹೇಳಿ ಹೋಗಿದ್ದ: "ಒಮ್ಮೆ ಚಾಲೂ ಆತಂದ್ರ ಬಂದ್ ಮಾಡಬ್ಯಾಡೋ ಮಾರಾಯಾ."

ನಮ್ಮವರು ರಾಜನ ಹಾಗೆ ಮೇಲೆ ಕೂತರು. ಹೊಸ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ ನಾನು ಓಣಿಯ ತುದಿಯ ತನಕ ತಳ್ಳಿದೆ. ಓಣಿಯವರೆಲ್ಲ ಕಟ್ಟೆಯ ಮೇಲೆ ನಿಂತು ನೋಡಿದರೇ ಹೊರತು ಒಬ್ಬರಾದರೂ ಕೈ ಹಚ್ಚಬೇಕಲ್ಲ!

ಬಾಗಿಲಲ್ಲಿ ನಿಂತಿದ್ದ ಅತ್ತೆ ಮೆಚ್ಚಿ ತಲೆದೂಗಿದರು. "ನಮ್ಮ ಕಾಲದಾಗ ಬಂಡಿ ಎತ್ತು ಎಳೀತಿದ್ವು. ಈಗ ಸೊಸಿ ತಳ್ತಾಳ. ಕಾಲ ಭಾಳ ಸುಧಾರಿಸ್ಯದ ನೋಡವ್ವ."

ಪರದೆಯ ಕಾನೂನು

ಮಸ್ಕಿಗೆ ಬರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿತ್ತು. ಹೋಟೆಲಿನ ಮುಂದೆ ಇಳಿಜಾರು ಇತ್ತು, ಆಮೇಲೆ ತಳ್ಳುವ ಕಷ್ಟ ಇರಲಿಲ್ಲ. ಅಂತೂ ನಿಲ್ಲಿಸಿದರು. ಒಳಗೆ ಕಾಲಿಟ್ಟಿದ್ದೇ ತಡ, ಮಾಲಕ ನನ್ನನ್ನು ಮೂಲೆಯ ಪರದೆಯ ಕಡೆ ಕಳಿಸಿದ. ಹಿಂದೆ ಬಂದ ನಮ್ಮವರಿಗೆ ಕೈ ಅಡ್ಡ ಹಿಡಿದ.

"ನೀವು ಇಲ್ಲೇ ಕುಂದರ್ರಿ. ಒಳಗ ಹೆಣ್ಮಕ್ಕಳು ಅದಾರ."

ನನಗೆ ಸಿಟ್ಟು ನೆತ್ತಿಗೇರಿತು. "ಇವರು ನನ್ನ ಗಂಡಾರಿ! ಕೂಡಿ ಉಣ್ಣಾಕಂತ ಬಂದೀವಿ."

ಮಾಲಕ ಬಹಳ ಸಮಾಧಾನದ ಮನುಷ್ಯ. "ನಿಮಗ ಗಂಡ ಇರಬಹುದ್ರೀ ಅಕ್ಕಾರ. ಒಳಗ ಕುಂತ ಬಾಕಿ ಹೆಣ್ಮಕ್ಕಳಿಗಿ ಅಲ್ಲಲ್ರೀ!"

ಪರದೆಯ ಆಚೆ ಅವರು ಮಿರ್ಚಿ ಕಡಿಯುವ ಸದ್ದು ಕೇಳುತ್ತ ಈಚೆ ನಾನು ಒಗ್ಗರಣೆ ಮಂಡಾಳು ತಿಂದೆ. ನಡುವೆ ಒಮ್ಮೆ "ಖಾರ ಆತೇನ್ರೀ?" ಎಂದು ಕೂಗಿ ಕೇಳಿದೆ. ಆಚೆಯಿಂದ ಬೇರೆ ಯಾರೋ "ಇಲ್ಲವ್ವ, ಬರೋಬರಿ ಅದ" ಎಂದರು.

ಉಡಿಯಲ್ಲಿ ಹೋಳಿಗೆ

ಮಸ್ಕಿ ದಾಟಿ ಸ್ವಲ್ಪ ದೂರಕ್ಕೆ ಒಂದು ಹಳ್ಳಿಯ ಮುಂದೆ ಫಟಫಟಿ ತಾನಾಗಿಯೇ ಸತ್ತಿತು. ಕಟ್ಟೆಯ ಮೇಲಿದ್ದ ರೈತರೊಬ್ಬರು ಎದ್ದು ಓಡಿ ಬಂದರು.

"ತೂಬಿನ ಸಾಹೇಬ್ರು ಬಂದಾರ! ಉಂಡ ಹೊರತು ಬಿಡಂಗಿಲ್ಲ!"

ಅವರ ಪ್ರೀತಿ ನನಗೆ ಗೊತ್ತಾಗದೇ? ಮಳೆಗಾಲದಲ್ಲಿ ಕಾಲುವೆ ಬಿಟ್ಟಾಗ ತಮ್ಮ ಹೊಲಕ್ಕೆ ಮೊದಲು ನೀರು ಬರಲಿ ಎಂಬ ಪ್ರೀತಿ ಅದು. ನಮ್ಮವರನ್ನು ಪಡಸಾಲೆಯ ಕಂಬಳಿಯ ಮೇಲೆ ಕೂರಿಸಿದರು, ನನ್ನನ್ನು ಅಡಿಗೆಮನೆಗೆ ಸಾಗಹಾಕಿದರು. ಹೊರಗೆ "ಇನ್ನೊಂದ್ ಹೋಳಿಗಿ ಹಾಕ್ರಿ ಸಾಹೇಬ್ರಿಗಿ" ಎಂಬ ಕೂಗು, ಒಳಗೆ ನಾನು ಆ ಹೋಳಿಗೆ ಎಣಿಸುತ್ತ ಕೂತವಳು. ಊರು ಬಿಟ್ಟು ಬಂದರೂ ಅದೇ ಅಡಿಗೆಮನೆ!

ಕೊನೆಗೆ ನನ್ನ ತಾಟು ಬಂತು. ಹೋಳಿಗೆಯ ಮೇಲೆ ತುಪ್ಪ ಬಿತ್ತು. ಅಷ್ಟರಲ್ಲಿ ಹೊರಗೆ ಮಂದಿ ಸೇರಿ ಫಟಫಟಿ ತಳ್ಳಿ ಚಾಲೂ ಮಾಡಿಬಿಟ್ಟರು.

"ಲಗೂನ ಬಾರೇ! ಮತ್ತ ಬಂದ್ ಆಗ್ತದ!" ನಮ್ಮವರ ಕೂಗು ಊರ ಅಗಸಿ ಬಾಗಿಲ ತನಕ ಕೇಳಿಸಿತು.

ಎದ್ದೆ, ಇನ್ನೇನು ಮಾಡಲಿ? ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಆ ಮನೆಯಾಕೆ ತಾಟಿನಲ್ಲಿದ್ದ ಹೋಳಿಗೆಯನ್ನೇ ನನ್ನ ಉಡಿಗೆ ಸುರಿದಳು. ಲಿಂಗಸುಗೂರಿನ ತನಕ ನನ್ನ ಇಳಕಲ್ ಸೀರೆ ತುಪ್ಪ ಉಂಡಿತು, ನಾನು ಉಣ್ಣಲಿಲ್ಲ.

ಅತ್ತೆ ಏರಿದ್ದು

ಲಿಂಗಸುಗೂರಿನ ಬಸ್ ನಿಲ್ದಾಣದ ಹತ್ತಿರ ಮಾವಿನಹಣ್ಣು ಕೊಳ್ಳಲು ಇಳಿದೆ. ಫಟಫಟಿ ಬಂದ್ ಮಾಡುವಂತಿಲ್ಲ, ಹಾಗಾಗಿ ನಮ್ಮವರು ಮುಂದೆ ನೋಡುತ್ತ ಅದರ ಮೇಲೇ ಕೂತಿದ್ದರು. ಹಣ್ಣು ತೆಗೆದುಕೊಂಡು ತಿರುಗಿದರೆ ಗಂಡನೂ ಇಲ್ಲ, ಫಟಫಟಿಯೂ ಇಲ್ಲ!

ಬಿಸಿಲಲ್ಲಿ ನಿಂತು ನಿಂತು ನನ್ನ ತಲೆ ಕಾದ ಹಂಚಾಯಿತು. ಆಮೇಲೆ ಬಂದರು, ಹಿಂದೆ ಒಬ್ಬ ಮುದುಕಿಯನ್ನು ಕೂರಿಸಿಕೊಂಡು. ಆಕೆಯ ಅಳಿಯ ಫಟಫಟಿ ತಂದು ಕರೆದುಕೊಂಡು ಹೋಗುತ್ತೇನೆಂದು ಹೇಳಿದ್ದನಂತೆ. ಕಣ್ಣು ಮಂಜಾದ ಅಜ್ಜಿ, ಮುಂದೆ ನಿಂತ ಫಟಫಟಿ ಏರಿಬಿಟ್ಟಿದ್ದಳು. ಹೆಂಡತಿಯೇ ಕೂತಳೆಂದು ಇವರು ಹೊರಟೇಬಿಟ್ಟರು. ಊರ ಹೊರಗೆ ಹೋದ ಮೇಲೆ ತಿರುಗಿಯೂ ನೋಡದೆ ಪ್ರೀತಿಯಿಂದ, "ಇನ್ನ ಸ್ವಲ್ಪ ತಡಿ, ನಾವಿಬ್ರ ಕುಂತು ಉಣ್ಣೂಣು" ಎಂದರಂತೆ.

ಹಿಂದಿನಿಂದ ಉತ್ತರ ಬಂತು: "ಯಾಕ್ರೀ ಅಳಿಯಾರ, ನನ್ನ ಮಗಳು ಇನ್ನೂ ಅಡಗಿ ಮಾಡಿಲ್ಲೇನು?"

ಪಾಪ, ಹಸಿದ ಅಳಿಯನಿಗೆ ಗಂಟು ಬಿಚ್ಚಿ ಹಿಂದಿನಿಂದಲೇ ರೊಟ್ಟಿ ಕೈಗಿಟ್ಟಳಂತೆ. ನಾನು ಉರಿದುಬಿದ್ದೆ. "ತಿಂದ್ರೇನು?"

"ಏನ್ ಮಾಡ್ಲಿ, ಒತ್ತಾಯ ಮಾಡಿದ್ಲು. ಶೇಂಗಾ ಚಟ್ನಿ ಭಾಳ ಛಲೋ ಇತ್ತು."

ಹರಗೋಲಿನವನ ಷರತ್ತು

ಅಂತೂ ಹೊಳೆ ಬಂತು. ಅಂಬಿಗ ನಮ್ಮನ್ನು ಹರಗೋಲಿನಲ್ಲಿ ನಡುಗಡ್ಡೆಗೆ ದಾಟಿಸಿ, "ಬಿಸಲು ಇಳದ ಮ್ಯಾಲ ಬರ್ತೀನಿ" ಎಂದು ಹೋದ. ಮಾವಿನ ನೆರಳು, ಸುತ್ತ ನೀರು, ಒಂದು ನರಪಿಳ್ಳೆಯೂ ಇಲ್ಲ. ಗಂಟು ಬಿಚ್ಚಿದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಅವರ ಎದುರಿಗೆ ಕೂತೆ. ಎದೆ ಡವಗುಟ್ಟುತ್ತಿತ್ತು, ಸುಳ್ಳು ಹೇಳುವುದಿಲ್ಲ.

ನಮ್ಮವರು ತುತ್ತು ಬಾಯಿಯ ತನಕ ಒಯ್ದು ನಿಲ್ಲಿಸಿದರು. ಮುಖ ಕೆಂಪಾಯಿತು.

"ಯಾಕ್ರೀ?"

"ನೀ ಹಿಂಗ ಎದುರಿಗೆ ಕುಂತ್ರ ಗಂಟಲದಾಗ ಇಳೀವಲ್ದು. ನಾಚಿಕಿ ಆಗ್ತದ."

ಕೇಳಿದಿರಾ? ಊರಿನ ರೈತರೆಲ್ಲರ ಮುಂದೆ ಹೋಳಿಗೆ ಮುರಿದ ಮನುಷ್ಯನಿಗೆ ಕಟ್ಟಿಕೊಂಡ ಹೆಂಡತಿಯ ಮುಂದೆ ನಾಚಿಕೆ! "ನಾ ನಿಮ್ಮ ಹೆಂಡ್ತಿರೀ!" ಎಂದೆ. "ಅದಕ್ಕ ಮತ್ತ" ಎಂದು ಅತ್ತ ತಿರುಗಿ ಕೂತರು. ನನಗೂ ರೋಷ ಬಂತು, ಇತ್ತ ತಿರುಗಿದೆ. ಬೆನ್ನಿಗೆ ಬೆನ್ನು ಹಚ್ಚಿ ಉಣ್ಣತೊಡಗಿದೆವು. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಅಷ್ಟರಲ್ಲಿ ಅಂಬಿಗ ಬೇಗನೇ ಬಂದ. ನಮ್ಮನ್ನು ನೋಡಿ ಹುಟ್ಟು ಕೆಳಗಿಟ್ಟ.

"ಜಗಳ ಆಡೀರಿ ಏನು? ಹಂಗಾದ್ರ ನಾ ದಾಟಸಂಗಿಲ್ಲ. ಸಿಟ್ಟಿನ ಗಂಡ ಹೆಂಡ್ತಿ ಆ ಕಡಿ ಒಬ್ರು ಈ ಕಡಿ ಒಬ್ರು ಹೊಳ್ಳಿ ಕುಂತ್ರ ನಡು ಹೊಳ್ಯಾಗ ಹರಗೋಲು ಮುಗಚ್ತದ. ಮದ್ಲ ಎದುರಾಬದುರು ಕುಂತು ಉಂಡು ರಾಜಿ ಆಗ್ರಿ, ನನ್ನ ಕಣ್ಣ ಮುಂದ!"

ದಿನವೆಲ್ಲ ಕಾಲುವೆಯ ನೀರಿನ ಜೊತೆ ಬದುಕುವ ನಮ್ಮವರಿಗೆ ಈಜು ಬಾರದು. ಕುಂಯ್ ಎನ್ನದೆ ನನ್ನ ಕಡೆ ತಿರುಗಿದರು. ತಿರುಗಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ನಾನು ರೊಟ್ಟಿಯಲ್ಲಿ ಎಣ್ಣೆಗಾಯಿ ಸುತ್ತಿ ಅವರ ಕೈಗಿಟ್ಟೆ. ಅವರು ತುತ್ತು ತುತ್ತಿಗೂ ಹಣೆ ಗಂಟಿಕ್ಕಿ, ಕಣ್ಣು ತೆರೆಯದೆ, ಗುಳುಂ ಎಂದು ನುಂಗಿದರು. ನಾನೂ ಎದುರಿಗೇ ಕೂತು ಹೊಟ್ಟೆ ತುಂಬ ಉಂಡೆ. ಎರಡು ವರ್ಷ ಕಾದ ಊಟ, ಬಿಡುತ್ತೇನೆಯೇ!

ಕುಕ್ಕರುಗಾಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಅಂಬಿಗ ಮೆಲ್ಲಗೆ ನನ್ನ ಹತ್ತಿರ ಸರಿದ. ದನಿ ಇಳಿಸಿ, ಬಹಳ ಮರುಕದಿಂದ ಕೇಳಿದ:

"ತಂಗೀ, ನಿನ್ನ ಕೈ ಅಡಗಿ ಅಷ್ಟು ಕೆಟ್ಟ ಇರ್ತದೇನು?"