ಆಂಟಿವೈರಸ್ಸನ್ನು ಕಟ್ಟಿಹಾಕಿದ ಪ್ರಸಂಗ

ನಾನು ಓದದೆ ಒತ್ತಿದ ‘ಓಕೆ’ಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಕ್ಯೂ ಸಾಗರದ ಬಸ್‌ಸ್ಟ್ಯಾಂಡಿನಿಂದ ಶುರುವಾಗಿ ಇಕ್ಕೇರಿಯಲ್ಲಿ ಮುಗಿಯುತ್ತದೆ. ಮನುಷ್ಯರ ವಿಷಯದಲ್ಲಿ ನಾನು ಹಾಗಲ್ಲ. ಸೊಪ್ಪಿನವಳು ತಾಜಾ ಅಂದರೆ ಕಟ್ಟು ಬಿಡಿಸಿ ಮೂಸುತ್ತೇನೆ. ಗಂಡ ಹಲ್ಲುಜ್ಜಿಯಾಯಿತು ಅಂದರೆ ಬ್ರಷ್ಷು ಒದ್ದೆಯಾಗಿದೆಯಾ ಅಂತ ಮುಟ್ಟಿ ನೋಡಿದ್ದೂ ಉಂಟು. ಆದರೆ ಒಂದು ಚೌಕದೊಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಕೆಳಗೆ ‘ಓಕೆ’ ಅಂತ ಇಟ್ಟರೆ ಮುಗಿಯಿತು, ನನ್ನ ಬೆರಳು ತಾನೇ ಅಲ್ಲಿಗೆ ಹೋಗುತ್ತದೆ. ಮೊನ್ನೆ ಫೇಸ್‌ಬುಕ್ಕಿನಲ್ಲಿ ಯಾರೋ, ‘ಸುಮಕ್ಕಾ, ಮನೆ ಕಂಪ್ಯೂಟರಿಗೆ ಆಂಟಿವೈರಸ್ ಹಾಕಿಸಿದರೆ ನಿಜವಾಗಿಯೂ ಉಪಯೋಗ ಉಂಟಾ?’ ಅಂತ ಕೇಳಿದರು. ದಿನಾ ಅಡುಗೆ, ನೆಂಟರು, ಮೊಣಕಾಲು ನೋವು ಅಂತ ಬರೆದುಕೊಂಡಿರುವವಳನ್ನು ಇದನ್ನು ಯಾಕೆ ಕೇಳಿದರೋ ಗೊತ್ತಿಲ್ಲ. ಆದರೆ ಕೇಳಿದ್ದು ಸರಿಯಾದ ಹೆಂಗಸನ್ನೇ.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದೇವರ ಬಗ್ಗೆ ಅನುಮಾನ ಉಂಟು, ಆಂಟಿವೈರಸ್ ಬಗ್ಗೆ ಇಲ್ಲ. ವರ್ಷವರ್ಷ ತಪ್ಪದೆ ಅದನ್ನು ಹೊಸದು ಮಾಡಿಸುತ್ತಾರೆ. ಪರದೆಯ ಮೂಲೆಯಲ್ಲಿ ಒಂದು ಹಸಿರು ಟಿಕ್ಕು ಕೂತಿರುತ್ತದೆ, ಅದನ್ನು ಬಂದವರಿಗೆಲ್ಲ ತೋರಿಸುತ್ತಾರೆ. ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ‘ಫುಲ್ ಸ್ಕ್ಯಾನ್’. ಆಗ ಕಂಪ್ಯೂಟರು ಬೇರೆ ಯಾರ ಕೆಲಸವನ್ನೂ ಮಾಡುವುದಿಲ್ಲ. ಇವರು ಎದುರಿಗೆ ಕುರ್ಚಿ ಹಾಕಿಕೊಂಡು, ಫೈಲುಗಳ ಹೆಸರು ಸರಸರ ಓಡುವುದನ್ನು ರೈಲು ನೋಡಿದ ಹಾಗೆ ನೋಡುತ್ತಾರೆ. ಎರಡು ಗಂಟೆ ಕಳೆದು ‘ಯಾವ ಅಪಾಯವೂ ಸಿಗಲಿಲ್ಲ’ ಅಂತ ಬಂದಾಗ ಅವರ ಮುಖದಲ್ಲಿ ಸ್ವಲ್ಪ ನಿರಾಸೆಯೇ ಕಾಣುತ್ತದೆ ಅಂತ ನನ್ನ ಅನುಮಾನ.

ಇನ್ನು ಇವರ ತಂಗಿ ಶೈಲಜ. ಹೊಸನಗರದಲ್ಲಿರುವ ನನ್ನ ನಾದಿನಿ, ಅಲ್ಲಿಯ ಮಹಿಳಾ ಮಂಡಳಿಯ ಅಧ್ಯಕ್ಷೆ. ಅವಳದು ಪೂರ್ತಿ ಉಲ್ಟಾ ಮತ. ‘ಅದೆಲ್ಲ ದಂಡ ಅತ್ಗೆ. ನಮ್ಮನೆ ಕಂಪ್ಯೂಟರಿಗೆ ಎಂತದೂ ಹಾಕಿಲ್ಲ. ಇವತ್ತಿಗೂ ಒಂದು ಶೀತ ಆಗಿಲ್ಲ ಅದಕ್ಕೆ.’ ಅವರ ಮನೆಯ ಕಂಪ್ಯೂಟರಿಗೆ ಇಂಟರ್ನೆಟ್ಟೂ ಹಾಕಿಸಿಲ್ಲ ಎಂಬುದನ್ನು ಅವಳು ಹೇಳುವುದಿಲ್ಲ.

ಈ ಮಂಡಳಿಗೆ ಇಪ್ಪತ್ತೈದು ವರ್ಷ ತುಂಬಿತು. ನೆನಪಿಗೆ ಒಂದು ಅಡುಗೆ ಪುಸ್ತಕ ತರಬೇಕು, ಅರವತ್ತು ಹೆಂಗಸರ ಅರವತ್ತು ತಂಬುಳಿ-ಹುಳಿಗಳು ಅಂತ ತೀರ್ಮಾನವಾಯಿತು. ಟೈಪು ಮಾಡುವುದು ನಾನು, ಯಾಕೆಂದರೆ ಕನ್ನಡ ಟೈಪು ಬರುತ್ತದೆ ಅಂತ ಒಂದು ಸಲ ಬಾಯಿಬಿಟ್ಟಿದ್ದೆ. ಎರಡು ವರ್ಷ ಕೂತು ಹಳೇ ಕ್ಯಾಲೆಂಡರಿನ ಹಿಂದೆ ಬರೆದುಕೊಂಡು, ಆಮೇಲೆ ಟೈಪು ಮಾಡಿ, ಟೈಪು ಆದಮೇಲೆ ಕಾಗದ ಎಂತಕ್ಕೆ ಅಂತ ಅವನ್ನೆಲ್ಲ ಬಚ್ಚಲ ಒಲೆಗೆ ಹಾಕಿದೆ. ನೀರು ಚೆನ್ನಾಗಿ ಕಾಯಿತು. ಹಾಗಾಗಿ ಅರವತ್ತೂ ರೆಸಿಪಿಗಳು ಲೋಕದಲ್ಲಿ ಇದ್ದದ್ದು ನಮ್ಮ ನಡುಮನೆಯ ಕಂಪ್ಯೂಟರಿನೊಳಗೆ ಮಾತ್ರ. ಅದರಲ್ಲೂ ಕಿರೀಟವಿದ್ದ ಹಾಗೆ ಪದ್ದತ್ತೆಯ ಅಪ್ಪೆಹುಳಿ. ಪದ್ದತ್ತೆ ಅಂದರೆ ನಮ್ಮ ಮನೆಯವರ ಸೋದರತ್ತೆ, ತೀರ್ಥಹಳ್ಳಿಯಲ್ಲಿದ್ದಾರೆ, ಎಂಬತ್ತು ದಾಟಿದೆ. ಮಾವಿನಮಿಡಿಯ ಆ ತೆಳ್ಳನೆ ಹುಳಿಯನ್ನು ಲೋಟಗಟ್ಟಲೆ ಕುಡಿದು ಉಂಡ ಜಾಗದಲ್ಲೇ ನಿದ್ದೆ ಹೋದವರು ನಮ್ಮ ಬಳಗದಲ್ಲಿ ಬಹಳ ಜನ. ಅದರ ಗುಟ್ಟನ್ನು ಸ್ವಂತ ಸೊಸೆಗೂ ಹೇಳಿರಲಿಲ್ಲ. ಎರಡು ವರ್ಷ ಕಾಡಿಸಿ, ಒಂದೇ ಒಂದು ಸಲ ನನಗೆ ಹೇಳಿದ್ದರು. ಶುಕ್ರವಾರ ಎಲ್ಲ ಪ್ರೆಸ್ಸಿಗೆ ಹೋಗಬೇಕಿತ್ತು.

ಮಂಗಳವಾರ ಬೆಳಿಗ್ಗೆ ನನಗೊಂದು ಆಸೆ ಹುಟ್ಟಿತು. ಮುಖಪುಟದ ಹೆಸರು ಬಳ್ಳಿಬಳ್ಳಿಯಾದ ಅಕ್ಷರದಲ್ಲಿ ಇದ್ದರೆ ಚೆಂದ ಅಂತ. ಹುಡುಕಿದೆ, ಪುಕ್ಕಟೆ ಸಿಕ್ಕಿತು. ಇಳಿಸಿಕೊಂಡು ಕ್ಲಿಕ್ ಮಾಡಿದ್ದೇ ತಡ, ನಮ್ಮ ಆಂಟಿವೈರಸ್ಸು ಕೆಂಪು ಪೆಟ್ಟಿಗೆ ತೆರೆದು ಕೂಗಾಡಲು ಶುರು ಮಾಡಿತು. ಅಕ್ಷರ ಕೊಡುವವನು ಮಾತ್ರ ಬಹಳ ವಿನಯವಂತ. ‘ದಯವಿಟ್ಟು ನಿಮ್ಮ ಆಂಟಿವೈರಸ್ಸನ್ನು ಸ್ವಲ್ಪ ಹೊತ್ತು ಬಂದ್ ಮಾಡಿ, ಆಮೇಲೆ ನಾನು ಒಳಗೆ ಬರುತ್ತೇನೆ’ ಅಂತ ಬರೆದಿದ್ದ.

ಇಲ್ಲಿ ನಮ್ಮ ಕಡೆಯ ಪದ್ಧತಿ ಒಂದನ್ನು ಹೇಳಲೇಬೇಕು. ನಮ್ಮಲ್ಲಿ ಯಾರ ಮನೆಗಾದರೂ ಹೋದರೆ ಬಾಗಿಲು ಬಡಿಯುವುದಿಲ್ಲ. ಗೇಟಿನ ಹೊರಗೆ ನಿಂತು, ‘ನಾಯಿ ಕಟ್ಟಿದೀರಾ?’ ಅಂತ ಕೂಗುತ್ತೇವೆ. ಒಳಗಿನಿಂದ, ‘ತಡೀರಿ, ಕಟ್ತೀವಿ’ ಅಂತ ಬರುತ್ತದೆ. ನಾಯಿ ಎಷ್ಟು ಜೋರಾಗಿ ಬೊಗಳುತ್ತದೋ ಅಷ್ಟು ಬೇಗ ಅದನ್ನು ಕಟ್ಟುತ್ತೇವೆ, ಮೇಲಿಂದ ನಾಯಿಗೇ ಬೈಯುತ್ತೇವೆ. ಬಂದವರು ಯಾರು ಅಂತ ನೋಡುವುದು ಆಮೇಲೆ, ಮೊದಲು ನಾಯಿ. ನನ್ನ ತವರಿನಲ್ಲಿ ಒಬ್ಬ ಹಲಸಿನಹಣ್ಣು ಕದಿಯುವವನು ಹೀಗೇ ಗೇಟಿನಲ್ಲಿ ನಿಂತು ನಾಯಿ ಕಟ್ಟಿಸಿ, ಆರಾಮಾಗಿ ಹಿತ್ತಲಿಗೆ ಹೋಗಿ ಎರಡು ಹಣ್ಣು ಹೊತ್ತುಕೊಂಡು ಹೋಗಿದ್ದ. ‘ಪಾಪ, ನೀರಾದ್ರೂ ಕುಡಿದು ಹೋಗ್ಬೋದಿತ್ತು’ ಅಂತ ಅಮ್ಮ ಪೇಚಾಡಿದ್ದರು. ಅಂಥ ವಂಶ ನಮ್ಮದು.

ನಾನೂ ಕಟ್ಟಿದೆ. ‘ಖಂಡಿತವಾ?’ ಅಂತ ಆಂಟಿವೈರಸ್ಸು ಕೇಳಿತು. ಖಂಡಿತ ಅಂದೆ. ‘ಹದಿನೈದು ನಿಮಿಷವಾ, ಕಂಪ್ಯೂಟರು ಮತ್ತೆ ಶುರುವಾಗುವವರೆಗಾ, ಶಾಶ್ವತವಾಗಿಯಾ?’ ಅಂದಿತು. ಪದೇ ಪದೇ ಕೇಳಿಸಿಕೊಳ್ಳುವ ಕಿರಿಕಿರಿ ಯಾಕೆ ಅಂತ ಶಾಶ್ವತವಾಗಿ ಅಂದೆ.

ಬಳ್ಳಿಬಳ್ಳಿ ಅಕ್ಷರ ಬರಲಿಲ್ಲ. ಬದಲಿಗೆ ಒಬ್ಬಳು ಹೆಂಗಸು ಬಂದು ರಮ್ಮಿ ಆಡಲು ಕರೆದಳು. ಅವಳನ್ನು ಮುಚ್ಚಿದರೆ ಇನ್ನಿಬ್ಬರು ಬಂದರು. ಅವರನ್ನೆಲ್ಲ ಸರಿಸಿ ನೋಡಿದರೆ ನನ್ನ ಫೋಲ್ಡರುಗಳಿಗೆಲ್ಲ ಒಂದೊಂದು ಬಾಣದ ಗುರುತು ಬಂದಿತ್ತು. ತಂಬುಳಿ ಫೋಲ್ಡರನ್ನು ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ರಮ್ಮಿಯವಳು ಬಂದಳು.

ಸಂಜೆ ಮೇಷ್ಟ್ರು ಬಂದವರೇ ಮೊದಲು ನೋಡಿದ್ದು ಪರದೆಯ ಮೂಲೆಯನ್ನು.

‘ಹಸಿರು ಟಿಕ್ ಎಲ್ಲಿ?’

‘ಎಂತದೋ ಗೊತ್ತಿಲ್ಲಪ್ಪ. ಬೆಳಿಗ್ಗೆ ಕರೆಂಟ್ ಹೋಗಿ ಬಂತಲ್ಲ, ಆವಾಗ ಹೋಗಿರ್ಬೇಕು’ ಅಂದೆ. ಲಿಂಗನಮಕ್ಕಿ ಅಣೆಕಟ್ಟು ಇಷ್ಟು ಹತ್ತಿರ ಇದ್ದೂ ನಮ್ಮಲ್ಲಿ ಕರೆಂಟು ಹೋಗುತ್ತದೆ, ಹಾಗಾಗಿ ಈ ಸುಳ್ಳು ಹನ್ನೆರಡು ತಿಂಗಳೂ ಓಡುತ್ತದೆ.

ಇವರು ಸುಮ್ಮನಿರಬಾರದೇ? ಸ್ಕೂಲಿನ ಇನ್ನೊಬ್ಬ ಮೇಷ್ಟ್ರ ಪೆನ್‌ಡ್ರೈವಿನಲ್ಲಿ ಬೇರೆ ಕಂಪನಿಯ ಆಂಟಿವೈರಸ್ಸು ತಂದು ಅದನ್ನೂ ಹಾಕಿದರು, ಹಳೆಯದನ್ನೂ ಎಬ್ಬಿಸಿದರು. ಒಂದೇ ಮದುವೆಮನೆಗೆ ಇಬ್ಬರು ಅಡುಗೆ ಭಟ್ಟರನ್ನು ಕರೆದರೆ ಏನಾಗುತ್ತದೋ ಅದಾಯಿತು. ಹೊಸದು ಹಳೆಯದನ್ನು ತೋರಿಸಿ ‘ಇದೇ ವೈರಸ್ಸು’ ಅಂದಿತು. ಹಳೆಯದು ಹೊಸದನ್ನು ‘ಹಿಡಿದು ಕೂಡಿಹಾಕಿದ್ದೇನೆ’ ಅಂದಿತು. ಇಬ್ಬರ ಜಗಳದ ನಡುವೆ ನಿಜವಾದ ವೈರಸ್ಸು ಕಾಲು ಚಾಚಿ ಮಲಗಿರಬೇಕು. ಸ್ವಲ್ಪ ಹೊತ್ತಿಗೆ ಪರದೆ ನೀಲಿಯಾಗಿ ಎಲ್ಲ ನಿಂತಿತು. ‘ಎರಡಿದ್ರೆ ಡಬಲ್ ರಕ್ಷಣೆ ಅಂದ್ಕೊಂಡಿದ್ದೆ’ ಅಂದರು ವಿಜ್ಞಾನದ ಮೇಷ್ಟ್ರು.

ಬುಧವಾರ ಸಿಪಿಯು ಡಬ್ಬವನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೊರಟೆವು. ‘ಬಾಣಂತಿಯಾ ಅಕ್ಕಾ?’ ಅಂದ ಆಟೋದವನು. ಮಾರ್ಕೆಟ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪ್ರಶಾಂತ ಹಲ್ಲಿನ ಡಾಕ್ಟರ ಹಾಗೆ ಮೂತಿ ಮಾಡಿಕೊಂಡು ಡಬ್ಬ ಬಿಚ್ಚಿದ. ಅದರ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ಎಂತೆಂತದೋ ತೆರೆದ.

‘ಬ್ಯಾಕಪ್ ಇದ್ಯಾ ಅಕ್ಕಾ?’

‘ಇದೆ’ ಅಂದೆ ಧೈರ್ಯವಾಗಿ. ‘ಇನ್ನೊಂದು ಕಾಪಿ ಮಾಡಿ ಪಕ್ಕದ ಫೋಲ್ಡರಲ್ಲಿ ಇಟ್ಟಿದ್ದೆ.’

‘ಇದೇ ಕಂಪ್ಯೂಟರಲ್ಲಾ?’

‘ಮತ್ತೆ? ಬೇರೆಯವ್ರ ಮನೇಲಿ ಇಡೋಕಾಗ್ತದಾ?’

ಪ್ರಶಾಂತ ನನ್ನ ಯಜಮಾನರ ಕಡೆ ತಿರುಗಿದ. ‘ಸರ್, ನಿಮ್ಮ ಆಂಟಿವೈರಸ್ಸು ತಾನಾಗೇ ಆಫ್ ಆಗ್ಲಿಲ್ಲ. ಮಾಡಿದಾರೆ. ಇಲ್ಲಿ ಬರ್ಕೊಂಡಿದೆ ನೋಡಿ, ಮಂಗಳವಾರ ಹತ್ತೂ ನಲವತ್ತೆರಡು.’

ಕಾವಲಿಗೆ ಇಟ್ಟದ್ದು ಚಾಡಿಯನ್ನೂ ಬರೆದಿಟ್ಟುಕೊಳ್ಳುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

‘ಮಂಗಳವಾರ ಹತ್ತೂ ನಲವತ್ತೆರಡಕ್ಕೆ’ ಅಂದರು ನಮ್ಮವರು ನಿಧಾನಕ್ಕೆ, ‘ನಾನು ಒಂಬತ್ತನೇ ಕ್ಲಾಸಿಗೆ ಉಷ್ಣದ ಪಾಠ ಮಾಡ್ತಿದ್ದೆ.’

ಮನೆಯಲ್ಲಿ ಇರುವುದು ಇಬ್ಬರೇ. ನಾನು ಗೋಡೆಯ ಮೇಲಿದ್ದ ಪ್ರಿಂಟರಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ.

‘ಹಾಗಾದ್ರೆ ಆಂಟಿವೈರಸ್ಸು ಕೆಲಸಕ್ಕೆ ಬರ್ತದೋ ಇಲ್ವೋ?’ ಅಂತ ಮಾತು ತಿರುಗಿಸಿದೆ.

‘ಬರ್ತದೆ ಅಕ್ಕಾ. ಹೆಲ್ಮೆಟ್ ಇದ್ದಂಗೆ ಅದು. ಗಾಡಿಯಿಂದ ಬಿದ್ರೆ ತಲೆ ಉಳಿಸ್ತದೆ. ಹೆಲ್ಮೆಟ್ ತೆಗೆದಿಟ್ಟು ಬಾವಿಗೆ ಹಾರಿದ್ರೆ ಅದೆಂತ ಮಾಡ್ತದೆ ಪಾಪ?’ ಅಂದ. ‘ಫೈಲು ಸಿಕ್ರೆ ಫೋನ್ ಮಾಡ್ತೀನಿ. ಗ್ಯಾರಂಟಿ ಕೇಳ್ಬೇಡಿ.’

ಶುಕ್ರವಾರಕ್ಕೆ ಉಳಿದದ್ದು ಒಂದು ದಿನ. ನನ್ನದೂ ಪದ್ದತ್ತೆಯದೂ ಬಿಟ್ಟು ಉಳಿದ ಐವತ್ತೆಂಟು ಜನರಿಗೆ ಫೋನು ಮಾಡಿ ಹೇಗೋ ಮತ್ತೆ ಬರೆದುಕೊಳ್ಳಬಹುದಿತ್ತು. ಪದ್ದತ್ತೆ ಫೋನಿನಲ್ಲಿ ಅಡುಗೆ ಹೇಳುವವರಲ್ಲ. ಗುರುವಾರ ಬೆಳಿಗ್ಗೆ ತೀರ್ಥಹಳ್ಳಿ ಬಸ್ಸು ಹತ್ತಿದೆ. ಫೋನಿನಲ್ಲಿ ವಿಷಯ ತಿಳಿದಿದ್ದ ಶೈಲಜ ಹೊಸನಗರದಲ್ಲಿ ಹತ್ತಿದಳು. ಟಿಕೆಟ್ ತೆಗೆಯುವುದಕ್ಕೂ ಮೊದಲು ಶುರು ಮಾಡಿದಳು. ‘ನಾನು ಹೇಳಿದ್ನಾ ಇಲ್ವಾ ಅತ್ಗೆ, ಅದು ದಂಡ ಅಂತ? ಅಣ್ಣನ ಹಸಿರು ಟಿಕ್ಕು ಈಗ ಎಲ್ಲೋಯ್ತಂತೆ? ಪುಸ್ತಕ ಬರ್ದೇ ಹೋದ್ರೆ ಮಂಡಳಿ ಹೆಂಗಸ್ರಿಗೆ ನಾನು ಯಾವ ಮುಖ ತೋರಿಸ್ಲಿ?’ ತೀರ್ಥಹಳ್ಳಿ ಬರುವವರೆಗೂ ಅವಳು ಮುಖ ತೋರಿಸಿದ್ದು ನನಗೊಬ್ಬಳಿಗೇ.

ಪದ್ದತ್ತೆ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ವೈರಸ್ಸು ಅಂದರೆ ಏನೆಂದು ಅವರು ಕೇಳಲಿಲ್ಲ. ‘ಬರ್ದಿದ್ದ ಕಾಗ್ದ ಎಲ್ಲಿ?’ ಅಂದರು.

‘ಬಚ್ಚಲೊಲೆಗೆ ಹಾಕ್ದೆ ಅತ್ತೆ.’

ಅವರು ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟರು. ಆಮೇಲೆ, ‘ಹೂಂ, ಬರ್ಕೋ. ಮಿಡಿಯನ್ನ ಕೆಂಡದಲ್ಲಿ ಸುಡ್ಬೇಕು’ ಅಂದರು.

ನನ್ನ ಪೆನ್ನು ನಿಂತಿತು. ‘ಅತ್ತೆ, ಹೋದ್ಸಲ ನೀರಲ್ಲಿ ಬೇಯಿಸ್ಬೇಕು ಅಂದಿದ್ರಲ್ಲ?’

‘ಬೇಯಿಸಿದ್ರೂ ಆಗ್ತದೆ.’

‘ನೀವು?’

‘ನಾನು ಸುಡ್ತೀನಿ.’

‘ಮತ್ತೆ ಆವಾಗ ಯಾಕೆ ಹೇಳ್ಲಿಲ್ಲ?’

‘ಎಂತ ಕೂಸೇ, ಮೊದಲ್ನೇ ಸಲವೇ ಯಾರಾದ್ರೂ ಎಲ್ಲ ಹೇಳ್ತಾರಾ? ಒಂದು ಹಿಡ್ಕೊಂಡೇ ಹೇಳೂದು. ನಿಜವಾಗ್ಲೂ ಬೇಕಾದೋರು ಮತ್ತೊಂದ್ಸಲ ಬರ್ತಾರೆ’ ಅಂದು ಬತ್ತಿ ಹೊಸೆಯತೊಡಗಿದರು. ಒಗ್ಗರಣೆಯ ಎಣ್ಣೆಯೂ ಹೋದ ಸಲ ಹೇಳಿದ್ದಲ್ಲ, ಬೇರೆ. ಅದನ್ನೂ ಬರೆದುಕೊಂಡೆ.

ವಾಪಸ್ಸು ಬರುವ ಬಸ್ಸಿನಲ್ಲಿ ನನಗೆ ಒಂದು ಯೋಚನೆ ಬಂತು. ಬರಬಾರದಿತ್ತು. ‘ಶೈಲಾ, ನಿನ್ನ ಕಾಕೇಸೊಪ್ಪಿನ ತಂಬುಳಿ ಇನ್ನೊಂದ್ಸಲ ಹೇಳೇ’ ಅಂದೆ.

ಅಧ್ಯಕ್ಷೆ ಕಿಟಕಿಯ ಹೊರಗೆ ನೋಡಿದಳು.

‘ಒಂಚೂರು ಎಳ್ಳು ಹುರಿದು ರುಬ್ಬಬೇಕು ಅತ್ಗೆ’ ಅಂದಳು. ‘ಯಾಕೆ, ನಾನು ಹೇಳಿರ್ಲಿಲ್ವಾ?’

‘ಇಲ್ಲ.’

‘ಮರೆತಿರ್ಬೇಕು.’

‘ಬೇರೆಯವ್ರೂ ಮರೆತಿರ್ತಾರಾ?’

‘ಮರೀದೇ ಇರ್ತಾರಾ?’ ಅಂದಳು.

ಆಗಲೇ ಪ್ರಶಾಂತನ ಫೋನು ಬಂತು. ‘ಅಕ್ಕಾ, ಸಿಹಿ ಕೊಡ್ಬೇಕು ನೀವು! ಎಲ್ಲಾ ವಾಪಸ್ ಬಂತು. ಅರವತ್ತೂ. ಒಂದಕ್ಷರ ಹೋಗಿಲ್ಲ!’

ನಾನು ಥ್ಯಾಂಕ್ಸ್ ಹೇಳಿದೆ. ಎರಡು ದಿನದಿಂದ ಯಾವ ಮಾತಿಗೆ ಕಾದಿದ್ದೆನೋ ಆ ಮಾತು. ಅರವತ್ತು ಹೆಂಗಸರು ಒಂದೊಂದನ್ನು ಹಿಡಿದಿಟ್ಟುಕೊಂಡು ಹೇಳಿದ್ದೆಲ್ಲವೂ ಒಂದಕ್ಷರ ಕೆಡದೆ ಸುರಕ್ಷಿತವಾಗಿ ಸಿಕ್ಕಿತ್ತು. ಇನ್ನೊಂದು ಸಲ ಎಲ್ಲರ ಮನೆಗೆ ಹೋಗಿ ಕೂರಲು ಸಮಯವಿರಲಿಲ್ಲ. ಅಪ್ಪೆಹುಳಿ ಮತ್ತು ಕಾಕೇಸೊಪ್ಪು ಎರಡನ್ನು ತಿದ್ದಿ, ಉಳಿದದ್ದನ್ನು ಇದ್ದ ಹಾಗೇ ಶುಕ್ರವಾರ ಪ್ರೆಸ್ಸಿಗೆ ಕೊಟ್ಟೆ. ಪುಸ್ತಕ ಚೆನ್ನಾಗಿ ಬಂದಿದೆ. ಮುಖಪುಟದಲ್ಲಿ ಸಾದಾ ಅಕ್ಷರ.

ಹಾಗಾಗಿ, ಕೇಳಿದವರಿಗೆ ನನ್ನ ಉತ್ತರ: ಆಂಟಿವೈರಸ್ ಹಾಕಿಸಿ, ಒಂದೇ ಹಾಕಿಸಿ, ಅದು ಕೂಗಿದಾಗ ಅದರ ಮಾತು ಕೇಳಿ. ಅದು ಮನೆಯ ಕಂಪ್ಯೂಟರನ್ನು ಬಹುಮಟ್ಟಿಗೆ ಎಲ್ಲರಿಂದ ಕಾಪಾಡುತ್ತದೆ, ಮನೆಯವರಿಂದ ಕಾಪಾಡುವುದು ಅದರ ಕೈಲಾಗದು. ಮೇಷ್ಟ್ರು ಈಗ ಅದಕ್ಕೆ ಪಾಸ್‌ವರ್ಡ್ ಇಟ್ಟಿದ್ದಾರೆ. ನನಗೆ ಹೇಳಿಲ್ಲ.

ಕಳೆದ ವಾರ ಶಿರಸಿ ಕಡೆಯ ಓದುಗರೊಬ್ಬರು ಮೆಸೇಜು ಮಾಡಿದ್ದರು. ಪುಸ್ತಕದಲ್ಲಿ ನನ್ನ ಹೆಸರಿನಲ್ಲಿರುವ ದಾಳಿಂಬೆ ಸಿಪ್ಪೆ ತಂಬುಳಿಯನ್ನು ಮೂರು ಸಲ ಮಾಡಿದರಂತೆ. ‘ಅವತ್ತು ನಿಮ್ಮನೇಲಿ ಉಂಡ ರುಚಿ ಬರ್ತಾನೇ ಇಲ್ಲ ಸುಮಕ್ಕಾ, ಪುಸ್ತಕದಲ್ಲಿ ಏನಾದ್ರೂ ಬಿಟ್ಟುಹೋಗಿದ್ಯಾ? ವೈರಸ್ ಬಂದಿತ್ತಂತಲ್ಲ, ಅದರಲ್ಲಿ ಹೋಗಿರ್ಬೋದಾ?’ ಅಂತ ಕೇಳಿದ್ದರು.

ಇಲ್ಲ. ಜೀರಿಗೆಯ ಜೊತೆ ನಾನು ಹುರಿಯುವ ಆ ಇನ್ನೊಂದು ವಸ್ತುವನ್ನು ಯಾವ ವೈರಸ್ಸೂ ತಿಂದಿಲ್ಲ. ಕಂಪ್ಯೂಟರಿನೊಳಗೆ ಅದು ಇದ್ದರೆ ತಾನೇ ತಿನ್ನುವುದು?

‘ಮಜ್ಜಿಗೆ ಹುಳಿ ಬಂದಿರ್ಬೇಕು ನೋಡಿ’ ಅಂತ ಉತ್ತರ ಬರೆದು, ಎರಡು ಸಲ ಓದಿ, ಆಮೇಲೆ ಓಕೆ ಒತ್ತಿದೆ.